ಬೆಚ್ಚಗಾಗುವ ಖರ್ಚು

ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದವರಿಗೆ ಒಂದು ಪಾಠ ಬೇಗ ತಿಳಿಯುತ್ತದೆ: ತಣ್ಣಗಿರುವ ರಿಯಾಕ್ಟರನ್ನು ಅವಸರದಲ್ಲಿ ಕಾಯಿಸಬಾರದು. ಜಾಕೆಟ್‌ಗೆ ಹಬೆ ಬಿಟ್ಟರೆ ಗೋಡೆ ಮೊದಲು ಕಾಯುತ್ತದೆ, ನಡುವಿನ ದ್ರವ ತಣ್ಣಗೇ ಇರುತ್ತದೆ. ಮನುಷ್ಯನ ಮೈಯಲ್ಲಿ ಇದು ತಿರುಗುಮುರುಗಾಗುವುದನ್ನು ಕಳೆದ ವರ್ಷ ಅಪ್ಪನ ಹೃದಯದ ಕವಾಟ ಬದಲಾಯಿಸಿದಾಗ ನೋಡಿದೆ.

ಆಪರೇಶನ್ ವೇಳೆ ಹೃದಯ-ಶ್ವಾಸಕೋಶ ಯಂತ್ರವು ರಕ್ತವನ್ನು ಹೊರಗೆ ಹರಿಸಿ ತಂಪು ಮಾಡುತ್ತದೆ. ಮೈ ತಂಪಾದಷ್ಟೂ ಅದರ ಬೇಡಿಕೆ ಕಡಿಮೆ. ಹತ್ತು ಡಿಗ್ರಿ ಇಳಿದರೆ ಪ್ರಾಣವಾಯುವಿನ ಬಳಕೆ ಸುಮಾರು ಅರ್ಧಕ್ಕಿಳಿಯುತ್ತದೆ. 1952ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ಹೃದಯ ತೆರೆದು ರಂಧ್ರ ಹೊಲಿದದ್ದು ಯಂತ್ರವಿಲ್ಲದೆ, ಬರೀ ಮೈ ತಂಪು ಮಾಡಿ. ಜಾನ್ ಗಿಬ್ಬನ್ ಅವರ ಯಂತ್ರ ಗೆದ್ದದ್ದು ಮರುವರ್ಷ.

ನಾಜೂಕಿನ ಕೆಲಸವೆಂದರೆ ಮರಳಿ ಬೆಚ್ಚಗಾಗಿಸುವುದು. ರಕ್ತ 30 ಡಿಗ್ರಿ ಮುಟ್ಟಿದ ಮೇಲೆ ನಿಮಿಷಕ್ಕೆ ಅರ್ಧ ಡಿಗ್ರಿಗಿಂತ ಬೇಗ ಏರಿಸಬಾರದು, 37 ದಾಟಿಸಲೂ ಬಾರದು, ಮಿದುಳಿಗೆ ಅಪಾಯ. ಯಂತ್ರ ಕಾಯಿಸುವುದು ರಕ್ತವನ್ನು, ಹಾಗಾಗಿ ಒಡಲು ಬೆಚ್ಚಗಾದರೂ ಕೈಕಾಲು ತಣ್ಣಗೇ ಇರುತ್ತವೆ. ಯಂತ್ರ ನಿಂತ ಮೇಲೆ ಒಡಲಿನ ಬಿಸಿ ಅತ್ತ ಹರಿದು ಒಳಗೆ ಮತ್ತೆ ತಂಪಾಗುತ್ತದೆ. ಆಗ ಶುರುವಾಗುತ್ತದೆ ನಡುಕ.

ಐಸಿಯುವಿನಲ್ಲಿ ಅಪ್ಪನ ಗದ್ದ, ಹೆಗಲು ಅದುರುತ್ತಿದ್ದವು. ಬಿಸಿ ಗಾಳಿ ತುಂಬುವ ಹೊದಿಕೆ ಹೊದಿಸಿ, ನಡುಕ ತಗ್ಗಿಸಲು ಔಷಧಿ ಕೊಟ್ಟರು. ನಡುಗುವುದೆಂದರೆ ಸ್ನಾಯುಗಳು ಇಂಧನ ಸುಟ್ಟು ಬಿಸಿ ಮಾಡಿಕೊಳ್ಳುವುದು. ಪ್ರಾಣವಾಯುವಿನ ಬಳಕೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಬಹುದು. ಅಷ್ಟನ್ನೂ ತಲುಪಿಸಬೇಕಾದದ್ದು ಈಗಷ್ಟೇ ಹೊಲಿಗೆ ಹಾಕಿಸಿಕೊಂಡ ಹೃದಯ.

ಅಮ್ಮನ ಚಿಂತೆ ಬೇರೆ. "ಇವರಿಗೆ ಶುಗರೇ ಇಲ್ಲ ಮಾರಾಯ, ಇನ್ಸುಲಿನ್ ಎಂತಕ್ಕೆ?" ತಂಪಿನಲ್ಲಿ ಇನ್ಸುಲಿನ್ ಸ್ರವಿಸುವುದು ಕಡಿಮೆ, ಬೆಚ್ಚಗಾಗುವ ಹೊತ್ತಿಗೆ ಅಡ್ರಿನಲಿನ್, ಕಾರ್ಟಿಸಾಲ್‌ಗಳ ಒತ್ತಡಕ್ಕೆ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಜೀವಕೋಶಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಹೀಗಾಗಿ ಮಧುಮೇಹವಿಲ್ಲದವರಲ್ಲೂ ಸಕ್ಕರೆ ಏರುತ್ತದೆ. ರಕ್ತದಲ್ಲಿ ಇಂಧನ ತುಂಬಿದೆ, ಒಲೆಗೆ ಮಾತ್ರ ಸರಿಯಾಗಿ ಮುಟ್ಟುತ್ತಿಲ್ಲ. ಯಕೃತ್ತಿನ ದಾಸ್ತಾನು ಉಪವಾಸದಲ್ಲಿ ಸುಮಾರು ಒಂದು ದಿನಕ್ಕೆ ಖಾಲಿ. ಆಮೇಲೆ ಕರಗುವುದು ಕೊಬ್ಬಿನ ಜೊತೆಗೆ ಮಾಂಸಖಂಡ. ಬೆಚ್ಚಗಾಗಲು ಮಾಡಿದ ಖರ್ಚನ್ನು ಅಪ್ಪ ತನ್ನ ತೊಡೆ, ತೋಳಿನಿಂದ ಕಟ್ಟುತ್ತಿದ್ದರು.

"ಹಾಗಾದರೆ ಚೆನ್ನಾಗಿ ಉಣ್ಣಿಸುವ" ಎಂದರು ಅಮ್ಮ. ಅದೂ ಅವಸರದಲ್ಲಿ ಆಗುವುದಿಲ್ಲ. ಆಹಾರವನ್ನು ಬೇಗ ಶುರು ಮಾಡಬೇಕು, ಆದರೆ ಮೊದಲ ದಿನಗಳಲ್ಲಿ ಕ್ಯಾಲೊರಿಗಳನ್ನು ಪೂರ್ತಿ ತುಂಬಬಾರದು, ನಿಧಾನವಾಗಿ ಏರಿಸಬೇಕು. ಹೆಚ್ಚು ಬೇಕಾದದ್ದು ಪ್ರೋಟೀನ್. ಡಯಟಿಷಿಯನ್ ಹೇಳಿದ ಲೆಕ್ಕ ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.3 ಗ್ರಾಂ, 60 ಕೆಜಿಯ ಅಪ್ಪನಿಗೆ 78 ಗ್ರಾಂ. ಊರಿನಿಂದ ಕುಚ್ಚಲಕ್ಕಿ ಕಟ್ಟಿಕೊಂಡು ಬಂದಿದ್ದ ಅಮ್ಮನಿಗೆ ಕಾಯಿಲೆಯ ಊಟ ಎಂದರೆ ಗಂಜಿ. ಒಂದು ಬಟ್ಟಲು ಗಂಜಿಯಲ್ಲಿ ನಾಲ್ಕೈದು ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು. ಇದನ್ನು ಹೇಳಿದಾಗ ಅಮ್ಮನ ಮುಖ ಬಾಡಿತು. ನಲವತ್ತು ವರ್ಷ ನಮ್ಮೆಲ್ಲರನ್ನು ಜ್ವರದಿಂದ ಎಬ್ಬಿಸಿದ ಗಂಜಿ ಅದು.

ಗಂಜಿ ಬಿಡಬೇಕಾಗಲಿಲ್ಲ. ಡಿಸ್‌ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅಮ್ಮ ಅದರಲ್ಲೇ ಹೆಸರುಕಾಳು ಬೇಯಿಸಿದರು, ಪಕ್ಕಕ್ಕೆ ಮೊಟ್ಟೆ, ಮಧ್ಯಾಹ್ನ ಮೊಸರು. ಸ್ವಲ್ಪಸ್ವಲ್ಪವೇ, ದಿನಕ್ಕೆ ಆರು ಸಲ. ಬರೀ ಉಂಡರೆ ಮಾಂಸಖಂಡ ಮರಳುವುದಿಲ್ಲ, ನಡೆಯಲೂ ಬೇಕು. ನಿವಾಸಿ ವಿಭಾಗದ ಬೀದಿಯಲ್ಲಿ ಅಪ್ಪ ಮೊದಲು ಒಂದು ಗೇಟಿನವರೆಗೆ, ಮರುವಾರ ಮೂರು ಗೇಟಿನವರೆಗೆ ನಡೆದರು. ಕಳೆದುಕೊಂಡ ನಾಲ್ಕು ಕೆಜಿ ತುಂಬಲು ನಾಲ್ಕು ತಿಂಗಳು ಹಿಡಿಯಿತು.

ಈಗ ಊರಿಗೆ ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, "ನೀನು ಇವತ್ತು ಎಷ್ಟು ಗ್ರಾಂ ತಿಂದೆ?"