ನಾನ್‌ಜಿಂಗ್‌ನ ಬಾಡದ ಹೂ

ಮಕ್ಕಳ ಕ್ರಾಫ್ಟಿಗೆಂದು ಅಂಗಡಿಯಲ್ಲಿ ಸಿಗುವ, ಮೈತುಂಬ ಬಣ್ಣದ ಎಳೆ ಹೊದ್ದ ತಂತಿಯನ್ನು ನೀವು ಬಲ್ಲಿರಿ. ಪೈಪ್ ಕ್ಲೀನರ್ ಅಂತಾರೆ. ಅದರಿಂದ ಹೂ ಮಾಡೋದು ಬರೀ ಮಕ್ಕಳಾಟ ಎನ್ನುವವರು ಚೀನಾದ ನಾನ್‌ಜಿಂಗ್ ನಗರವನ್ನೊಮ್ಮೆ ನೋಡಬೇಕು. ಮಗಳಿರುವ ಶಾಂಘೈನಿಂದ ಅಲ್ಲಿಗೆ ಸುಮಾರು 300 ಕಿ.ಮೀ.

ನಮ್ಮ ತೊಟ್ಟಿಮನೆಗಳನ್ನು ನೆನಪಿಸುವ ಗಾನ್ ಮನೆತನದ ಹಳೆಯ ಮನೆಗಳಲ್ಲಿ ಈಗ ಜಾನಪದ ವಸ್ತುಸಂಗ್ರಹಾಲಯವಿದೆ. 'ರೋಂಗ್‌ಹುವಾ' ಎಂಬ ರೇಷ್ಮೆ ಹೂ ಮಾಡುವುದನ್ನು ನಾನು ನೋಡಿದ್ದು ಅಲ್ಲೇ. ಬಣ್ಣ ಹಾಕಿದ ರೇಷ್ಮೆ ಎಳೆಗಳನ್ನು ಬಾಚಿ ಹರಡಿ, ಎರಡು ಹಿತ್ತಾಳೆ ತಂತಿಗಳ ನಡುವೆ ಹಿಡಿದು ಹೊಸೆಯುತ್ತಾರೆ. ಥೇಟ್ ಪೈಪ್ ಕ್ಲೀನರ್! ಗುಟ್ಟಿರುವುದು ಕತ್ತರಿಯಲ್ಲಿ. ನಡು ದುಂಡಗೆ, ತುದಿ ಚೂಪಗೆ ಬರುವಂತೆ ಎಳೆ ಕತ್ತರಿಸಿ, ಆಮೇಲೆ ಬಗ್ಗಿಸಿ, ದಳಗಳನ್ನು ಚಿಮಟದಿಂದ ಜೋಡಿಸುತ್ತಾರೆ.

ಚೀನೀ ಭಾಷೆಯಲ್ಲಿ ಈ ಹೆಸರಿಗೂ ಸಿರಿಸಂಪತ್ತು ಎಂಬರ್ಥದ ಮಾತಿಗೂ ಉಚ್ಚಾರ ಹೆಚ್ಚುಕಡಿಮೆ ಒಂದೇ. ಅದಕ್ಕೇ ಮದುವೆ, ಹಬ್ಬಗಳಲ್ಲಿ ಹೆಂಗಸರು ಇದನ್ನು ಮುಡಿಯುತ್ತಿದ್ದರು. 1748ರಲ್ಲಿ ತೀರಿಕೊಂಡ ಫೂಚಾ ಮಹಾರಾಣಿ ಮುತ್ತು ರತ್ನ ಬಿಟ್ಟು ಇಂಥ ಹೂಗಳನ್ನೇ ಮುಡಿಯುತ್ತಿದ್ದಳೆಂದು ಅವರ ಇತಿಹಾಸದಲ್ಲಿ ಬರೆದಿದೆ. ಮೂಲೆಗೆ ಬಿದ್ದಿದ್ದ ಈ ಕಸುಬಿಗೆ, 2018ರಲ್ಲಿ ಅವಳ ಕಾಲದ ಕಥೆಯುಳ್ಳ ಟೀವಿ ಧಾರಾವಾಹಿ ಬಂದ ಮೇಲೆ ಮತ್ತೆ ಗಿರಾಕಿಗಳು ಬಂದರು.

ಪರದೇಶದಲ್ಲಿ ಮಗಳು ಹಬ್ಬದ ದಿನವೂ ಬರಿಯ ಜಡೆಯಲ್ಲಿರುತ್ತಾಳಲ್ಲ ಎಂಬ ಸಂಕಟ ನನಗಿತ್ತು. ಒಂದು ಕೆಂಪು ಹೂ ಕೊಂಡು ಮುಡಿಸಿದೆ. ಮಲ್ಲಿಗೆಯ ಘಮ ಇಲ್ಲ, ನಿಜ; ಆದರೆ ಬಾಡುವುದೂ ಇಲ್ಲ.

ನೀವೂ ಪೈಪ್ ಕ್ಲೀನರನ್ನು ಬಗ್ಗಿಸುವ ಮುಂಚೆ ತುದಿಯ ಎಳೆಗಳನ್ನು ಓರೆಯಾಗಿ ಕತ್ತರಿಸಿ ನೋಡಿ. ಮುಡಿಯುವುದಾದರೆ ತಂತಿಯ ತುದಿ ಚುಚ್ಚದಂತೆ ಒಳಕ್ಕೆ ಮಡಚಿ. ಹತ್ತಿಪ್ಪತ್ತು ರೂಪಾಯಿಯ ತಂತಿ ಅಂತ ಹಗುರ ಮಾಡಬೇಡಿ. ರಾಣಿ ಮೆಚ್ಚಿದ ಕೈಕೆಲಸ ಇದು!