ರಾಜಧಾನಿ ಎಷ್ಟು ದೂರ?

ವಾಡಿ ಜಂಕ್ಷನ್ನಿನಲ್ಲಿ ಬೆಂಗಳೂರು ಗಾಡಿಗೆ ಕಾದು ನಿಂತವರನ್ನು ಒಮ್ಮೆ ಗಮನಿಸಿ. ಕಾಲೇಜು ಸೇರಲು ಹೊರಟ ಹುಡುಗ, ಪಕ್ಕದಲ್ಲಿ ರೊಟ್ಟಿಯ ಗಂಟು ಹಿಡಿದ ತಾಯಿ. ಗಾಡಿ ಬಂತೆಂದರೆ ಆಕೆಯದು ಒಂದೇ ಮಾತು: "ತಮ್ಮಾ, ಮುಟ್ಟಿದ ಕೂಡ್ಲೆ ಫೋನ್ ಹಚ್ಚು." ವಾಡಿಯಿಂದ ಬೆಂಗಳೂರಿಗೆ ಹಳಿಯ ಮೇಲೆ ಐನೂರು ಕಿ.ಮೀ.ಗೂ ಹೆಚ್ಚು. ಒಂದಿಡೀ ರಾತ್ರಿಯ ಪ್ರಯಾಣ.

ಒಂದು ಕಾಲಕ್ಕೆ ರಾಜಧಾನಿ ಇದೇ ಸೀಮೆಯಲ್ಲಿತ್ತು. ರಾಷ್ಟ್ರಕೂಟರ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ರಾಜಧಾನಿಯಾಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆಯಿತು. ಚಿತ್ತಾಪುರ, ಸೇಡಂ ಆ ಹಾದಿಯ ಮೇಲಿನ ನಿಲ್ದಾಣಗಳು. ಸೇಡಂನಿಂದ ಹೈದರಾಬಾದಿಗೆ ನೂರೈವತ್ತು ಕಿ.ಮೀ. ಆಸುಪಾಸು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಊರುಗಳು ಇದ್ದಲ್ಲೇ ಇದ್ದವು. ರಾಜಧಾನಿ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು ದೂರವಾಯಿತು. ಶಹಾಬಾದಿನ ಫರಸಿ ಕಲ್ಲಿನ ಹಾಗೆ ಇಲ್ಲಿನ ಮಕ್ಕಳೂ ದೂರದೂರಿಗೆ ಗಾಡಿ ಹತ್ತಿದರು.

2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿ ಬೆಂಗಳೂರಿಗೆ ವಿಮಾನ ಹಾರಿತು. ನಿಲ್ದಾಣವಿರುವುದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಬಳಿ. ರಾತ್ರಿಯ ದಾರಿ ಸುಮಾರು ಒಂದು ಗಂಟೆಗೆ ಇಳಿಯಿತು!

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಎರಡು ನಿಲ್ದಾಣಗಳ ನಡುವೆ ಆಕಾಶದ ನೇರ ದೂರ ಸುಮಾರು 460 ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದಿಟ್ಟುಕೊಂಡರೆ 35 ನಿಮಿಷ ಸಾಕು. ಹಾಗಿದ್ದರೆ ಒಂದು ಗಂಟೆ ಏಕೆ? ಮೇಲೇರುವಾಗ, ಕೆಳಗಿಳಿಯುವಾಗ ವಿಮಾನಕ್ಕೆ ಪೂರ್ಣ ವೇಗ ಇರುವುದಿಲ್ಲ. ನಿಗದಿತ ಮಾರ್ಗ ನೇರ ಗೆರೆಯಲ್ಲ. ನೆಲದ ಮೇಲಿನ ಓಡಾಟವೂ ವೇಳೆಗೆ ಸೇರುತ್ತದೆ.

ಇನ್ನು ಪಾಲಕರ ಲೆಕ್ಕ. ಸೇಡಂನವರಿಗೆ ನಿಲ್ದಾಣ ಸುಮಾರು 40 ಕಿ.ಮೀ. ದೂರ. ಚಿಂಚೋಳಿಗೆ ರೈಲೇ ಇಲ್ಲ. ಬಸ್ಸಿಗಾಗಿ ನಸುಕಿನಲ್ಲೇ ಏಳಬೇಕು. ನಿಲ್ದಾಣದಲ್ಲಿ ಮುಂಚಿತವಾಗಿ ಹಾಜರಿರಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೂ ಬೆಂಗಳೂರಿನ ನಡುಭಾಗಕ್ಕೆ 35 ಕಿ.ಮೀ. ಉಳಿದಿರುತ್ತದೆ. ಒಂದು ಗಂಟೆಯ ಹಾರಾಟ ಮನೆಯಿಂದ ಮನೆಗೆ ಆರು ಗಂಟೆಯಾದರೆ ಅಚ್ಚರಿಯಿಲ್ಲ. ಆ ದಿನ ವಿಮಾನ ಉಂಟೇ ಎಂದು ಮೊದಲೇ ವಿಚಾರಿಸಿಕೊಳ್ಳುವುದೂ ಒಳ್ಳೆಯದು.

ಆದುದರಿಂದ ಮರುದಿನ ಹತ್ತು ಗಂಟೆಗೆ ಸಂದರ್ಶನವಿದೆ ಎಂದಾಗ ವೇಳೆಯನ್ನು ರನ್‌ವೇಯಿಂದ ಎಣಿಸಬೇಡಿ, ಮನೆಯ ಬಾಗಿಲಿನಿಂದ ಎಣಿಸಿ. ವಾಡಿಯ ಆ ತಾಯಿ ಎಂದೂ ಎಣಿಸಿದ್ದು ಹಾಗೆಯೇ. ಮಗನ ಫೋನು ಬರುವವರೆಗೆ ಆಕೆಯ ಪಾಲಿಗೆ ಪ್ರಯಾಣ ಮುಗಿದಿರುವುದಿಲ್ಲ.