ಕೇಳಿ ನೋಡು

ಶಿಫಾರಸು ಎಂಬುದು ಪಾರಸಿಯಿಂದ ಬಂದ ಪದ. ದಫ್ತರು, ದಾಖಲೆ, ಅರ್ಜಿಗಳ ಜೊತೆಜೊತೆಯಾಗಿ ಕನ್ನಡಕ್ಕೆ ಬಂದು ಇಂದಿಗೂ ಕಚೇರಿಯ ವಾಸನೆಯನ್ನು ಕಳೆದುಕೊಳ್ಳದ ಈ ಪದವನ್ನು ಕೇಳಿದೊಡನೆ ನೆನಪಾಗುವುದು ಶಾಸಕರ ಪತ್ರವೋ ಮೇಲಧಿಕಾರಿಯ ಟಿಪ್ಪಣಿಯೋ ಹೊರತು, ಗೆಳೆಯನೊಬ್ಬ ಹುಡುಕಿ ತಂದುಕೊಟ್ಟ ಹಾಡಲ್ಲ. ಗೆಳೆಯರ ನಡುವೆ ಈ ಕೆಲಸವನ್ನು ಮಾಡುವ ಮಾತು ಬೇರೆಯೇ ಇದೆ, ಅದು “ಕೇಳಿ ನೋಡು” ಎಂಬುದು. ತಿಂದು ನೋಡು, ಉಟ್ಟು ನೋಡು ಎನ್ನುವಾಗಿನ ಹಾಗೆ ಇಲ್ಲಿಯೂ ನೋಡುವುದು ಕಣ್ಣಿನ ಕೆಲಸವಾಗಿ ಉಳಿಯದೆ ಪರೀಕ್ಷೆಯಾಗುತ್ತದೆ. ಅದಕ್ಕಿಂತ ಸ್ವಾರಸ್ಯವಾದದ್ದು ಮೊದಲ ಪದ: ಕೇಳುವುದೆಂದರೆ ಆಲಿಸುವುದು, ಪ್ರಶ್ನಿಸುವುದು, ಹೇಳಿದಂತೆ ನಡೆಯುವುದು. ಮಾತು ಕೇಳದ ಹುಡುಗನ ಕಿವಿಯಲ್ಲಿ ದೋಷವಿರುವುದಿಲ್ಲ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ಗೆಳೆಯನು ಹೇಳಿದ್ದನ್ನು ಕೇಳಲು ಹೊರಟವನು ಈ ಮೂರೂ ಅರ್ಥಗಳಲ್ಲಿ ಅಷ್ಟಿಷ್ಟು ಸಿಕ್ಕಿಕೊಳ್ಳುತ್ತಾನೆ.

ಈ ಮಾತಿನ ಅಗತ್ಯ ಎಲ್ಲ ಕಾಲದಲ್ಲೂ ಒಂದೇ ಸಮನಾಗಿರಲಿಲ್ಲ ಎಂಬುದನ್ನು ತಿಳಿಯಲು, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗಿಂತ ಒಳ್ಳೆಯ ಜಾಗ ಸಿಗಲಾರದು. ಮೋಟಾರಿನ ಬಲದಿಂದ ಲಾಳಿಯನ್ನು ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ ಬಡಿದಟ್ಟಿ ಹೊಕ್ಕನ್ನು ಸೇರಿಸುವ ಯಂತ್ರವೇ ವಿದ್ಯುತ್ ಮಗ್ಗ; ಒಂದೇ ಸೂರಿನಡಿ ನಾಲ್ಕೋ ಎಂಟೋ ಮಗ್ಗಗಳು ಒಟ್ಟಿಗೆ ಓಡುವಾಗ ಏಳುವ ಸದ್ದು, ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ ಒಪ್ಪಿರುವ 90 ಡೆಸಿಬೆಲ್‌ನ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಇಂಥ ಕಡೆ ಸಂಗೀತಕ್ಕೆ ಎಡೆಯಿರಬಾರದು ಎಂದು ಹೊರಗಿನವರು ತಿಳಿದಾರು, ಆದರೆ ರೇಷ್ಮೆಯ ಮತ್ತು ಕೃತಕ ರೇಷ್ಮೆಯ ಸೀರೆಗಳ ಈ ಊರಿನಲ್ಲಿ ಹಾಡಿಲ್ಲದ ಮಗ್ಗದ ಮನೆಯೇ ಅಪರೂಪ. ಲಾಳಿಯ ಬಡಿತಕ್ಕೆ ಒಂದು ತಾಳವಿದೆ, ಪಾಳಿಗೆ ಒಂದು ಉದ್ದವಿದೆ, ನಿದ್ದೆಗೆ ತನ್ನದೇ ಹಟವಿದೆ. ಈ ಮೂರನ್ನೂ ನಿಭಾಯಿಸಲು ನೇಕಾರನಿಗೆ ಹಾಡು ಬೇಕು.

ಬೆಂಗಳೂರು ಆಕಾಶವಾಣಿ ಕೇಂದ್ರ 1955ರ ನವೆಂಬರ್ 2ರಂದು ಆರಂಭವಾಯಿತು, ಚಿತ್ರಗೀತೆಗಳನ್ನು ಮುಖ್ಯವಾಗಿ ಇಟ್ಟುಕೊಂಡ ವಿವಿಧ ಭಾರತಿ ಸೇವೆ 1957ರಲ್ಲಿ ಹುಟ್ಟಿತು. ಮಗ್ಗದ ಮನೆಯ ಗೋಡೆಗೆ ರೇಡಿಯೋ, ಅದರ ಹಿಂದೆ ಟೇಪ್ ರೆಕಾರ್ಡರು, ಅದಕ್ಕೆ ಜೋಡಿಸಿದ ದೊಡ್ಡ ಸ್ಪೀಕರು ಒಂದರ ಮೇಲೊಂದು ಏರಿದವು. ಆ ಕಾಲದ ಮುಖ್ಯ ಲಕ್ಷಣವೆಂದರೆ ಯಾರೂ ಯಾರಿಗೂ ಏನನ್ನೂ ಕೇಳಿ ನೋಡು ಎಂದು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಯಜಮಾನನೋ ಪಾಳಿಯ ಹಿರಿಯನೋ ಹಾಕಿದ ಕ್ಯಾಸೆಟ್ಟನ್ನು ಎಲ್ಲರೂ ಕೇಳಬೇಕಿತ್ತು, ಬೀದಿಯಲ್ಲಿ ಹಾದುಹೋಗುವವರೂ ಕೇಳುತ್ತಿದ್ದರು, ಎದುರು ಮನೆಯ ಶಾಲಾ ಬಾಲಕ ಮಗ್ಗಿಯ ಜೊತೆಗೆ ಅದನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಅಭಿರುಚಿಯು ಗಾಳಿಯಂತೆ ಎಲ್ಲರಿಗೂ ಒಂದೇ ಆಗಿದ್ದ ವ್ಯವಸ್ಥೆ ಅದು. ಅದರಲ್ಲಿ ಸೌಹಾರ್ದವೆಷ್ಟಿತ್ತೋ ದಬ್ಬಾಳಿಕೆಯೂ ಅಷ್ಟೇ ಇತ್ತೆಂಬುದನ್ನು, ಹಳೆಯದೆಲ್ಲ ಚೆಂದವೆನ್ನುವವರು ಮರೆಯುತ್ತಾರೆ.

ಇಯರ್‌ಫೋನು ಈ ವ್ಯವಸ್ಥೆಯನ್ನು ಮುರಿಯಿತು. ಅಗ್ಗದ ಮೊಬೈಲು, ಅದರೊಳಗೆ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡು, ಆ ಕಾರ್ಡಿಗೆ ಹತ್ತಿಪ್ಪತ್ತು ರೂಪಾಯಿಗೆ ಹಾಡು ತುಂಬಿಕೊಡುವ ಅಂಗಡಿ ಬಂದ ಮೇಲೆ ಒಂದೇ ಸೂರಿನಡಿಯ ನಾಲ್ವರು ನಾಲ್ಕು ಬೇರೆ ಲೋಕಗಳಲ್ಲಿ ನೇಯತೊಡಗಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಮೇಲಂತೂ ಕಾರ್ಡಿನ ಅಂಗಡಿಗೂ ಕೆಲಸ ಕಡಿಮೆಯಾಯಿತು. ಮಗ್ಗದ ಸದ್ದನ್ನು ಮೀರುವಷ್ಟು ಜೋರಾಗಿ ಕಿವಿಯೊಳಗೇ ಹಾಡು ಹಾಕಿಕೊಳ್ಳುವುದನ್ನು ಕಿವಿಯ ವೈದ್ಯರು ಮೆಚ್ಚಲಾರರು, ಅದು ಬೇರೆ ವಿಷಯ. ಇಲ್ಲಿ ಗಮನಿಸಬೇಕಾದದ್ದು, ಪಕ್ಕದ ಮಗ್ಗದವನು ಏನು ಕೇಳುತ್ತಿದ್ದಾನೆಂಬುದು ಮೊದಲ ಬಾರಿಗೆ ಗುಟ್ಟಾದದ್ದು, ಮತ್ತು ಗುಟ್ಟಾದದ್ದರಿಂದಲೇ ಅದು ಕುತೂಹಲವಾದದ್ದು. ತಾನೇ ನಗುತ್ತ ನೂಲು ಕಟ್ಟುತ್ತಿರುವವನನ್ನು ಕಂಡು “ಏನ್ ಕೇಳ್ತಿದ್ದೀಯೋ?” ಎಂದು ಕೈಸನ್ನೆಯಲ್ಲಿ ವಿಚಾರಿಸುವುದು, ಅವನು ಒಂದು ತುದಿಯನ್ನು ಬಿಚ್ಚಿ ಇವನ ಕಿವಿಗೆ ಇಡುವುದು, ಇವೆಲ್ಲ ಹೊಸ ಕಾಲದ ಶಿಷ್ಟಾಚಾರಗಳು. ಊರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳು ವ್ಯಾನಿನಲ್ಲಿ ಅಕ್ಕಪಕ್ಕ ಕೂತು ಒಂದೇ ಇಯರ್‌ಫೋನಿನ ಎಡತುದಿಯನ್ನೊಬ್ಬಳು ಬಲತುದಿಯನ್ನೊಬ್ಬಳು ಹಂಚಿಕೊಂಡು ಕೇಳುತ್ತ ಹೋಗುವುದೂ ಇದೇ ಶಿಷ್ಟಾಚಾರದ ಇನ್ನೊಂದು ರೂಪ. ವಾದ್ಯಗಳ ಅರ್ಧ ಒಬ್ಬಳಿಗೆ ಉಳಿದರ್ಧ ಇನ್ನೊಬ್ಬಳಿಗೆ ಸಿಗುವ ಈ ಕೇಳ್ಮೆಯನ್ನು ಯಾವ ಧ್ವನಿತಜ್ಞನೂ ಒಪ್ಪಲಾರ, ಸ್ನೇಹದ ದೃಷ್ಟಿಯಿಂದ ಮಾತ್ರ ಅದಕ್ಕೆ ಸಾಟಿಯಿಲ್ಲ.

ಗೆಳೆಯರು ದಾಟಿಸುವ ಸರಕುಗಳಲ್ಲಿ ಅತ್ಯಂತ ಅಪಾಯದ್ದು ಹಾಸ್ಯ. ಹಾಡು ಹಿಡಿಸದಿದ್ದರೆ “ಪರವಾಗಿಲ್ಲ” ಎಂದು ತಲೆದೂಗಿ ಪಾರಾಗಬಹುದು, ಆದರೆ ನಗುವನ್ನು ಹಾಗೆ ಸಾಲ ತರಲು ಬರುವುದಿಲ್ಲ. ಕ್ಯಾಸೆಟ್ಟುಗಳ ಕಾಲದಲ್ಲಿ ಮಾಸ್ಟರ್ ಹಿರಣ್ಣಯ್ಯನವರ “ಲಂಚಾವತಾರ”ವೂ ಧೀರೇಂದ್ರ ಗೋಪಾಲರ ಮಾತುಗಳೂ ಮನೆಯಿಂದ ಮನೆಗೆ ಹೋಗುವಾಗ ಈ ತೊಡಕು ಅಷ್ಟಾಗಿ ಇರಲಿಲ್ಲ, ಏಕೆಂದರೆ ಅವನ್ನು ಹತ್ತು ಮಂದಿ ಕೂತು ಕೇಳುತ್ತಿದ್ದರು ಮತ್ತು ಗುಂಪಿನ ನಗು ಅರ್ಥವಾಗದವನನ್ನೂ ನಗಿಸುತ್ತದೆ. ಒಬ್ಬನೇ ಕೇಳುವ ಹಾಸ್ಯಕ್ಕೆ ಆ ಆಸರೆಯಿಲ್ಲ. ಗಂಗಾವತಿ ಪ್ರಾಣೇಶರ ಭಾಷಣವನ್ನು ದೊಡ್ಡಬಳ್ಳಾಪುರದವನಿಗೆ ಕಳಿಸಿದವನು ಉತ್ತರ ಕರ್ನಾಟಕದ ನುಡಿಯ ಕೆಲವು ಪದಗಳನ್ನು ಬಿಡಿಸಿ ಹೇಳಬೇಕಾಗುತ್ತದೆ, ಬಿಡಿಸಿ ಹೇಳಿದ ನಗೆಮಾತೋ ಸುಲಿದಿಟ್ಟ ಬಾಳೆಹಣ್ಣಿನಂತೆ ಬೇಗ ಕಪ್ಪಾಗುತ್ತದೆ. ಆದರೂ ಎರಡು ಮೂರು ಸಲ ಕೇಳಿ ಆ ನುಡಿಯ ಲಯ ಕಿವಿಗೆ ಹತ್ತಿತೆಂದರೆ ಕೇಳುಗ ಅಲ್ಲಿಗೇ ನಿಲ್ಲದೆ, ಪ್ರಾಣೇಶರು ಗುರುವಿನಂತೆ ಮತ್ತೆ ಮತ್ತೆ ನೆನೆಯುವ ಬೀಚಿಯವರ ಪುಸ್ತಕಗಳವರೆಗೂ ಹೋಗುವುದುಂಟು. ಬಳ್ಳಾರಿ ಸೀಮೆಯ ಗಡಿಭಾಗದ ರಾಯಸಂ ಭೀಮಸೇನರಾಯರು, ಎಂದರೆ ಇದೇ ಬೀಚಿಯವರು, 1980ರಲ್ಲಿ ತೀರಿಕೊಂಡ ಮೇಲೆ ಹುಟ್ಟಿದ ಓದುಗನೊಬ್ಬ ಅವರ ಪಾತ್ರವಾದ ತಿಮ್ಮನನ್ನು ಮೊಬೈಲಿನ ದಾರಿಯಿಂದ ಭೇಟಿಯಾಗುವುದು ಶಿಫಾರಸಿನೊಳಗಣ ಶಿಫಾರಸು. ಬೆಂಗಳೂರಿನ ಲೋಲ್‌ಬಾಗ್ ತಂಡದವರ ಕನ್ನಡ ಸ್ಟ್ಯಾಂಡ್‌ಅಪ್, ಎಂದರೆ ವೇಷ ರಂಗಸಜ್ಜಿಕೆಗಳಿಲ್ಲದೆ ಒಬ್ಬನೇ ನಿಂತು ತನ್ನ ಬದುಕನ್ನೇ ಹಾಸ್ಯ ಮಾಡಿ ಹೇಳುವ ಬಗೆ, ಇದಕ್ಕೆ ತಿರುಗುಮುರುಗು. ಅದರ ಭಾಷೆ ಹತ್ತಿರದ್ದು, ಹೇಳುವ ರೀತಿ ಮಾತ್ರ ಹಿಂದಿನ ತಲೆಮಾರಿಗೆ ದೂರದ್ದು. ಇವೆಲ್ಲಕ್ಕಿಂತ ದೊಡ್ಡ ಕಂಟಕವೆಂದರೆ, ತಾನು ಕೊಟ್ಟದ್ದನ್ನು ಗೆಳೆಯ ಕೇಳುವಾಗ ಎದುರಿಗೇ ಕೂತು ಅವನ ಮುಖ ನೋಡುತ್ತ ನಗೆಮಾತು ಬರುವ ಮೊದಲೇ ನಗುವವನು. ಅಂಥವನಿಂದ ಹಾಡು ಪಡೆಯಬಹುದು, ಹಾಸ್ಯವನ್ನು ಪಡೆಯಬಾರದು.

ಪಾಡ್‌ಕಾಸ್ಟಿನದು ಇನ್ನೊಂದು ಕಷ್ಟ. ಬೇಕೆಂದಾಗ ಇಳಿಸಿಕೊಂಡು ಕೇಳಬಹುದಾದ, ಕಂತುಗಳಲ್ಲಿ ಬರುವ ಮಾತಿನ ಕಾರ್ಯಕ್ರಮವೇ ಪಾಡ್‌ಕಾಸ್ಟ್. ಆ್ಯಪಲ್ ಕಂಪನಿಯ ಐಪಾಡ್ ಎಂಬ ಹಾಡುಪೆಟ್ಟಿಗೆಯ ಹೆಸರಿನ ಬಾಲಕ್ಕೆ ಪ್ರಸಾರವೆಂಬ ಅರ್ಥದ ಪದದ ಬಾಲವನ್ನು ಕಟ್ಟಿ 2004ರಲ್ಲಿ ಬ್ರಿಟಿಷ್ ಪತ್ರಕರ್ತರೊಬ್ಬರು ಈ ಹೆಸರನ್ನು ಬಳಸಿದರು. ಐಪಾಡಿನ ತಯಾರಿಕೆ 2022ರಲ್ಲಿ ನಿಂತುಹೋಯಿತು, ಹೆಸರು ಉಳಿಯಿತು. ಅದೇ ಕಂಪನಿಯ ಫೋನುಗಳು ಈಗ ದೇವನಹಳ್ಳಿ ತಾಲ್ಲೂಕಿನ ಕಾರ್ಖಾನೆಯಲ್ಲಿ ತಯಾರಾಗುತ್ತಿವೆ, ಅವುಗಳನ್ನು ಜೋಡಿಸುವ ಕೈಗಳು ಮಾತ್ರ ಬೇರೆ ಬ್ರಾಂಡಿನ ಅಗ್ಗದ ಫೋನಿನಲ್ಲೇ ಕಾರ್ಯಕ್ರಮ ಕೇಳುವ ಸಂಭವ ಹೆಚ್ಚು. ಕನ್ನಡದಲ್ಲಿ ಈ ಪ್ರಕಾರವನ್ನು ಮೊದಮೊದಲು ಗಟ್ಟಿಯಾಗಿ ನಡೆಸಿದವುಗಳಲ್ಲಿ ಒಂದಕ್ಕೆ “ತಲೆ-ಹರಟೆ” ಎಂದೇ ಹೆಸರಿಟ್ಟದ್ದು ಸರಿಯಾಗಿಯೇ ಇದೆ, ಏಕೆಂದರೆ ಅರಳಿಕಟ್ಟೆಯ ಹರಟೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಕಟ್ಟೆಯಲ್ಲಿ ನಡುವೆ ಬಾಯಿ ಹಾಕಬಹುದು, ಇಲ್ಲಿ ಹಾಕಿದರೆ ಮಗ್ಗಕ್ಕೆ ಮಾತ್ರ ಕೇಳಿಸುತ್ತದೆ. ಹಾಡು ಕೇಳುಗನ ಐದು ನಿಮಿಷ ಕೇಳುತ್ತದೆ, ಪಾಡ್‌ಕಾಸ್ಟು ಒಂದು ಗಂಟೆ ಬೇಡುತ್ತದೆ. ಆದುದರಿಂದಲೇ ಪಾಡ್‌ಕಾಸ್ಟು ಹೇಳಿದ ಗೆಳೆಯನಿಗೆ ಸಿಗುವ ಉತ್ತರ ಬಹುತೇಕ ಒಂದೇ, “ಅರ್ಧ ಕೇಳಿದ್ದೀನಿ” ಎಂಬುದು. ಇನ್ನೂ ತೆರೆದೇ ಇಲ್ಲವೆಂಬುದು ಈ ಮಾತಿನ ವಾಡಿಕೆಯ ಅರ್ಥ.

ಸಂಗೀತದಲ್ಲಿ ಶಿಫಾರಸು ಮುಂದಕ್ಕಿಂತ ಹಿಂದಕ್ಕೇ ಹೆಚ್ಚು ನಡೆಯುತ್ತದೆ. ಕಾಲೇಜಿನ ಗೆಳೆಯನಿಂದ ರಘು ದೀಕ್ಷಿತರ ಹಾಡುಗಳನ್ನು ಪಡೆದ ಹುಡುಗನು ಅವುಗಳಲ್ಲಿ ಶಿಶುನಾಳ ಷರೀಫರನ್ನು ಕಂಡು, ಅದೇ ಪದಗಳನ್ನು ಸಿ. ಅಶ್ವತ್ಥ್ ಹಾಡಿದ್ದನ್ನು ಮನೆಯ ಹಿರಿಯರಿಂದ ತಿಳಿದು, ಅಲ್ಲಿಂದ 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಗೀತೆಗಳಿಗೆ ಸ್ವರ ಹಾಕಿ ಹೊರತಂದ “ನಿತ್ಯೋತ್ಸವ”ದ ಕ್ಯಾಸೆಟ್ಟಿನವರೆಗೆ ಹೋಗುವ ದಾರಿ ಸವೆದ ದಾರಿಯೇ. ಇಲ್ಲಿನ ನೇಕಾರ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ನಡೆಯುವುದರಿಂದ ಇದೇ ದಾರಿಯ ಕವಲೊಂದು ಹಿಂದೂಪುರದ ಕಡೆಗೆ ತಿರುಗಿ ಘಂಟಸಾಲರಲ್ಲಿ ಮುಗಿಯುತ್ತದೆ. ನೆಲಮಂಗಲ, ಹೊಸಕೋಟೆಗಳ ಹಳ್ಳಿಗಳಲ್ಲಿ “ಕುರುಕ್ಷೇತ್ರ” ನಾಟಕವಾಡುವವರು ಹಾರ್ಮೋನಿಯಂ ಮೇಷ್ಟ್ರ ಬಾಯಿಂದ ಕಂದ, ವೃತ್ತಗಳನ್ನು ಕಲಿಯುವುದೂ ಇದೇ ಸರಣಿಯ ಹಳೆಯ ಕೊಂಡಿ.

ಯಂತ್ರವೂ ಈಗ ಶಿಫಾರಸು ಮಾಡುತ್ತದೆ. ಒಂದೇ ಬಗೆಯದನ್ನು ಕೇಳಿದ ಲಕ್ಷಾಂತರ ಜನರ ಆಯ್ಕೆಗಳನ್ನು ಹೋಲಿಸಿ, ಅವರು ಮುಂದೆ ಕೇಳಿದ್ದನ್ನು ಇವನ ಮುಂದಿಡುವ ಈ ಲೆಕ್ಕಾಚಾರವನ್ನು ಆಲ್ಗರಿದಮ್ ಎನ್ನುತ್ತಾರೆ. ಅದು ಕೊಡುವುದು ಹಲವು ಸಲ ಗೆಳೆಯ ಕೊಡುವುದಕ್ಕಿಂತ ಚೆನ್ನಾಗಿಯೇ ಇರುತ್ತದೆಂಬುದನ್ನು ಒಪ್ಪಬೇಕು. ಆದರೆ ಅದು ಮರುದಿನ ಎದುರು ಸಿಕ್ಕು “ಕೇಳ್ದಾ?” ಎನ್ನುವುದಿಲ್ಲ, ಕೊಟ್ಟದ್ದು ಕೆಟ್ಟದಾಗಿದ್ದರೆ ಅದರ ಮರ್ಯಾದೆಯೇನೂ ಹೋಗುವುದಿಲ್ಲ. ಗೆಳೆಯನದು ಹಾಗಲ್ಲ, ಅವನು ತನ್ನ ಅಭಿರುಚಿಯನ್ನೇ ಅಡವಿಟ್ಟು ಕೈಸಾಲ ಕೊಟ್ಟವನು, ವಸೂಲಿಗೆ ಬಂದೇ ಬರುತ್ತಾನೆ.

ದೊಡ್ಡಬಳ್ಳಾಪುರದಲ್ಲಿ ಆ ವಸೂಲಿ ನಡೆಯುವುದು ಕರೆಂಟು ಹೋದಾಗ. ಮಗ್ಗಗಳೆಲ್ಲ ಒಮ್ಮೆಗೇ ನಿಂತು, ನೇಕಾರರು ಕಿವಿಯ ತುದಿಗಳನ್ನು ಕೊರಳಿಗೆ ಇಳಿಬಿಟ್ಟು ಬಾಗಿಲಾಚೆ ಬಂದು ಟೀ ತರಿಸಿಕೊಂಡಾಗ, ಯಾರು ಏನು ಕೇಳಿದರು, ಯಾವುದು ಚೆನ್ನಾಗಿತ್ತು, ಯಾವುದು ದಂಡ ಎಂಬ ಮಾತು ಏಳುತ್ತದೆ. ಕರೆಂಟು ಬಂದ ಕೂಡಲೇ ಅದು ಅರ್ಧಕ್ಕೆ ನಿಲ್ಲುತ್ತದೆ. ಅಷ್ಟರೊಳಗೆ ಹೆಸರನ್ನು ಪೂರ್ತಿ ಕೇಳಿಸಿಕೊಂಡವನು ಅಂದಿನ ಪಾಳಿಗೆ ಅದನ್ನು ಹಾಕಿಕೊಳ್ಳುತ್ತಾನೆ, ಕೇಳಿಸಿಕೊಳ್ಳದವನು ಮುಂದಿನ ಸಲ ಕರೆಂಟು ಹೋಗುವವರೆಗೆ ಹಳೆಯದನ್ನೇ ಕೇಳುತ್ತಾನೆ.